ಮನೇಲಿ ಮಕ್ಕಳ ಜೊತೆ ಪ್ಲೇ ಡೋ ಮಾಡೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಮಗಳಿಗೆ ಎರಡು ವರ್ಷ ತುಂಬಿದಾಗಿಂದ ನಮ್ಮನೇಲಿ ಪ್ಲೇ ಡೋ, ಅಂದ್ರೆ ಮಕ್ಕಳು ಒತ್ತಿ ಹೊಸೆದು ಆಡೋ ಮೆತ್ತನೆ ಹಿಟ್ಟಿನ ಮುದ್ದೆ, ಮಾಡೋದು ನಡೀತಾ ಇದೆ, ಈಗ ಅವಳಿಗೆ ನಾಲ್ಕೂವರೆ. ಅಷ್ಟರಲ್ಲಿ ಅಂಟಂಟಾಗಿದ್ದು, ತಳ ಹಿಡಿದಿದ್ದು, ಬೂಷ್ಟು ಬಂದಿದ್ದು, ಸೋಫಾ ಸಂದಿಗೆ ಸೇರಿ ಕಲ್ಲಾಗಿ ಸಿಕ್ಕಿದ್ದು ಎಲ್ಲಾ ಆಗಿದೆ. ಗೊತ್ತಿರೋರೆಲ್ಲ ಕೇಳೋದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು, ಅದಕ್ಕೆ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ.

ಅಂಗಡೀಲಿ ಡಬ್ಬಿ ಸಿಗತ್ತಲ್ಲ, ಮನೇಲಿ ಯಾಕೆ ಒದ್ದಾಡಬೇಕು?

ಒದ್ದಾಡಲೇಬೇಕು ಅಂತೇನಿಲ್ಲ, ತಂದ್ರೂ ನಡೆಯತ್ತೆ. ಆದ್ರೆ ನನ್ನ ಮಟ್ಟಿಗೆ ಹೇಳೋದಾದ್ರೆ ಮಾಡೋ ಹೊತ್ತೇ ಅರ್ಧ ಆಟ. ಹಿಟ್ಟು ಅಳೆಯೋದು, ಸುರಿಯೋದು, ಗಂಟು ಒಡೆಯೋದು, ನೀರಿನಂಗಿದ್ದಿದ್ದು ಕಣ್ಣೆದುರೇ ಉಂಡೆ ಆಗೋದನ್ನ ನೋಡೋದು, ಇದ್ಯಾವುದೂ ಡಬ್ಬಿ ಮುಚ್ಚಳ ತೆಗೆದ್ರೆ ಸಿಗಲ್ಲ. ಇನ್ನೊಂದು, ದೊಡ್ಡ ಮುದ್ದೆ ಸಿಗತ್ತೆ. ಡಬ್ಬೀದು ಒಂದು ಮುಷ್ಟಿ ಅಷ್ಟೇ ಇರತ್ತೆ, ಮನೇದಾದ್ರೆ ಎರಡೂ ಕೈಯಲ್ಲಿ ಗುದ್ದಕ್ಕೆ ಆಗೋಷ್ಟು, ಎರಡು ಮೂರು ವರ್ಷದೋರಿಗೆ ಬೇಕಾಗಿರೋದೇ ಗುದ್ದೋದು.

ಅಂದಹಾಗೆ ಅಂಗಡೀಲಿ ಸಿಗೋ ಪ್ಲೇ-ಡೋ ಹುಟ್ಟಿದ್ದೇ ಆಟಿಕೆಯಾಗಿ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕುಟಾಲ್ ಅನ್ನೋ ಕಂಪನಿ ಗೋಡೆಗೆ ಅಂಟಿಸೋ ವಾಲ್‌ಪೇಪರ್ ಮೇಲಿನ ಕಲ್ಲಿದ್ದಲ ಮಸಿ ಒರೆಸಕ್ಕೆ ಅಂತ ಇಂಥದ್ದೊಂದು ಹಿಟ್ಟು ಮಾರ್ತಿತ್ತು. ಆಮೇಲೆ ಮನೆಗಳಲ್ಲಿ ಕಲ್ಲಿದ್ದಲ ಒಲೆ ಕಮ್ಮಿ ಆಯ್ತು, ಮಸೀನೂ ಕಮ್ಮಿ ಆಯ್ತು, ವ್ಯಾಪಾರ ಬಿತ್ತು. ಆಗ ಕೇ ಜುಫಾಲ್ ಅನ್ನೋ ನರ್ಸರಿ ಟೀಚರ್ ಅದನ್ನ ಮಕ್ಕಳ ಕೈಗೆ ಕೊಟ್ಟು ನೋಡಿದ್ರು, ಮಕ್ಕಳು ಬಿಡಲೇ ಇಲ್ಲ, 1956ರಲ್ಲಿ ಆಟಿಕೆಯಾಗಿ ಮಾರ್ಕೆಟ್‌ಗೆ ಬಂತು. ಮನೇಲಿ ಮಾಡೋದು ಮಾತ್ರ ಅಡುಗೆಮನೆ ಸಾಮಾನಲ್ಲೇ, ಭಯ ಪಡೋವಂಥ ಕೆಮಿಸ್ಟ್ರಿ ಏನಿಲ್ಲ.

ಎಷ್ಟು ವರ್ಷದ ಮಗೂಗೆ ಕೊಡಬಹುದು?

ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು ಕಮ್ಮಿ ಆದ್ಮೇಲೆ. ಕೆಲವರಿಗೆ ಒಂದೂವರೆ, ಕೆಲವರಿಗೆ ಎರಡೂವರೆ, ಪಕ್ಕದ ಮನೆ ಮಗು ನೋಡ್ಕೊಂಡು ಲೆಕ್ಕ ಹಾಕ್ಬೇಡಿ. ಯಾವ ವಯಸ್ಸಾದ್ರೂ ಮೊದಮೊದಲು ಪಕ್ಕದಲ್ಲೇ ಕೂತಿರಬೇಕು, ಫೋನ್ ನೋಡ್ತಾ ಕೂರೋದು ಕೂತಂಗಲ್ಲ. ಮೂರು ವರ್ಷದೊಳಗಿನೋರಿಗೆ ಮಣಿ, ಗುಂಡಿ, ಅಂಟಿಸೋ ಕಣ್ಣು, ಒಣ ಕಾಳು ಏನೂ ಚುಚ್ಚಕ್ಕೆ ಕೊಡಬೇಡಿ. ಟಾಯ್ಲೆಟ್ ಪೇಪರ್ ರೋಲ್ ಒಳಗಿನ ರಟ್ಟಿನ ಕೊಳವೆ ಇರತ್ತಲ್ಲ, ಅದರೊಳಗೆ ಜಾರೋ ಸಾಮಾನು ಯಾವುದೇ ಆದ್ರೂ ಗಂಟಲಿಗೆ ಸಿಕ್ಕೊಳ್ಳೋ ಸೈಜು ಅಂತಲೇ ತಿಳ್ಕೊಳಿ.

ಪುರಾಣ ಸಾಕು, ಅಳತೆ ಹೇಳಿ.

ಮೈದಾ 1 ಕಪ್, ಪುಡಿ ಉಪ್ಪು ಅರ್ಧ ಕಪ್, ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸೋ ಹುಳಿ ಪುಡಿ) 2 ಟೀ ಚಮಚ, ಅಡುಗೆ ಎಣ್ಣೆ 1 ಟೇಬಲ್ ಚಮಚ, ನೀರು 1 ಕಪ್, ಅಡುಗೆಗೆ ಬಳಸೋ ಬಣ್ಣ ಬೇಕಾದಷ್ಟು. ಕಪ್ ಯಾವುದಾದ್ರೂ ಪರವಾಗಿಲ್ಲ, ಎಲ್ಲದಕ್ಕೂ ಅದೇ ಕಪ್ ಇರಲಿ.

ಒಲೆ ಹಚ್ಚೋಕೆ ಮುಂಚೆನೇ ಎಲ್ಲಾ ಬಾಣಲೆಗೆ ಹಾಕಿ ತಣ್ಣಗಿರುವಾಗಲೇ ಚೆನ್ನಾಗಿ ಕಲಸಿ. ಇದು ತುಂಬಾ ಮುಖ್ಯ, ಬಿಸಿ ಆದ್ಮೇಲೆ ಗಂಟು ಒಡೆಯಲ್ಲ. ಆಮೇಲೆ ಸಣ್ಣ ಉರಿಯಲ್ಲಿ ಇಟ್ಟು ಮರದ ಸೌಟಲ್ಲಿ ಮಗುಚ್ತಾ ಇರಿ. ಮೊದಲ ಒಂದೆರಡು ನಿಮಿಷ ಏನೂ ಆಗಲ್ಲ, ಇದೇನು ಬರೀ ಗಂಜಿ ಆಯ್ತಲ್ಲಪ್ಪ ಅನ್ಸತ್ತೆ, ಆಮೇಲೆ ತಳದಲ್ಲಿ ಗಟ್ಟಿ ಗಟ್ಟಿ ಚೂರು ಏಳಕ್ಕೆ ಶುರು ಆಗತ್ತೆ, ಅಲ್ಲಿಂದ ಒಂದು ನಿಮಿಷದಲ್ಲಿ ಇಡೀ ಬಾಣಲೆ ದಪ್ಪ ಆಗಿ ಸೌಟು ತಿರುಗಿಸಕ್ಕೆ ತೋಳು ನೋಯತ್ತೆ. ಅಲ್ಲಿ ನಿಲ್ಲಿಸಬೇಡಿ. ಹಸಿ ಹಿಟ್ಟಿನ ಹೊಳಪು ಹೋಗಿ ಮಂಕಾಗಬೇಕು, ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಸೌಟಿನ ಹಿಂದೆ ಬರಬೇಕು, ಒಂದು ಚೂರು ಚಿವುಟಿ ತಣ್ಣಗೆ ಮಾಡಿ ಬೆರಳಲ್ಲಿ ಒತ್ತಿದ್ರೆ ಬೆರಳಿಗೆ ಹತ್ತಬಾರದು. ಅಷ್ಟಾದ್ರೆ ಇಳಿಸಿ ಹಲಗೆ ಮೇಲೆ ಹಾಕಿ ನಾದಿ. ನಾದೋ ಮುಂಚೆ ಹೇಗಿತ್ತು ಅಂತ ನೋಡಿ ಬೇಜಾರು ಮಾಡ್ಕೋಬೇಡಿ, ನುಣುಪು ಬರೋದು ನಾದಿದ ಮೇಲೇನೇ.

ಒಂದು ಎಚ್ಚರಿಕೆ. ಮುದ್ದೆ ಮೇಲೆ ಮುಟ್ಟಿದ್ರೆ ಬೆಚ್ಚಗಿರತ್ತೆ, ಒಳಗೆ ಮಾತ್ರ ಕೈ ಸುಡೋಷ್ಟು ಬಿಸಿ ಉಳ್ಕೊಂಡಿರತ್ತೆ. ಮಗು ಕೈಗೆ ಕೊಡೋ ಮುಂಚೆ ನಡುವೆ ಮುರಿದು, ಒಳಭಾಗ ನಿಮ್ಮ ಮುಂಗೈ ಒಳಗಡೆಗೆ ಒತ್ತಿ ನೋಡಿ. ನಾನು ಇದನ್ನ ಕಲಿತಿದ್ದು ನನ್ನ ಬೆರಳು ಸುಟ್ಕೊಂಡು, ಸದ್ಯ ಅವಳದ್ದಲ್ಲ.

ಇದರಲ್ಲಿ ಮಗು ಏನು ಮಾಡತ್ತೆ? ಎಲ್ಲಾ ನಾನೇ ಮಾಡಿದಂಗಾಗಲ್ವಾ?

ಒಲೆ ಹತ್ರದ ಐದು ನಿಮಿಷ ಬಿಟ್ಟು ಎಲ್ಲಾ ಅವರೇ ಮಾಡಬಹುದು. ದೊಡ್ಡ ಪಾತ್ರೆ ನೆಲದ ಮೇಲಿಟ್ಟು ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಹಿಟ್ಟು ಅಳೆದು ಹಾಕಕ್ಕೆ ಬಿಡಿ. ಒಂದು ಕಪ್‌ಗೆ ಬದಲು ಅರ್ಧ ಕಪ್ ಎರಡು ಸಲ ಹಾಕಿಸಿ, ಎಣಿಸಕ್ಕೂ ಆಯ್ತು, ಹೊತ್ತೂ ಹೋಯ್ತು. ನನ್ನ ಮಗಳು ಕಪ್ ತುಂಬಿದ ಮೇಲೆ ಬೆರಳಲ್ಲಿ ಮೇಲಿನದು ಸಮ ಮಾಡೋದು ಅದ್ಯಾವ ಗಾಂಭೀರ್ಯದಲ್ಲಿ ಅಂದ್ರೆ, ನಾಲಿಗೆ ತುದಿ ಹೊರಗೆ ಬಂದಿರತ್ತೆ, ಮಾತಾಡಿಸಿದ್ರೆ ಉತ್ತರ ಇಲ್ಲ. ಆಮೇಲೆ ಅದೇ ಕಪ್ಪನ್ನ ಪಾತ್ರೆ ಪಕ್ಕದಲ್ಲಿ ಸುರೀತಾಳೆ. ಒಂದೆರಡು ಚಮಚ ಹೆಚ್ಚುಕಮ್ಮಿ ಆದ್ರೆ ಏನೂ ಕೆಡಲ್ಲ, ನಾದುವಾಗ ಸರಿ ಮಾಡ್ಕೋಬಹುದು.

ಒಂದೇ ತೊಂದರೆ, ಈ ಹೊತ್ತಲ್ಲಿ ಹಿಟ್ಟು ಇನ್ನೂ ಹಸಿ. ಹಸಿ ಹಿಟ್ಟು ಅಂದ್ರೆ ಕ್ರಿಮಿ ಸಾಯಿಸಿದ ಪದಾರ್ಥ ಅಲ್ಲ, ಇ. ಕೋಲಿ, ಸಾಲ್ಮೊನೆಲ್ಲಾ ಇರೋ ಸಾಧ್ಯತೆ ಇರತ್ತೆ. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿಂದ ಇ. ಕೋಲಿ ಹರಡಿದಾಗ ಕಾಯಿಲೆ ಬಿದ್ದೋರಲ್ಲಿ ರೆಸ್ಟೋರೆಂಟಲ್ಲಿ ಆಡಕ್ಕೆ ಅಂತ ಹಸಿ ಹಿಟ್ಟು ಕೊಟ್ಟಿದ್ದ ಮಕ್ಕಳೂ ಇದ್ರು. ಹಾಗಂತ ಹೆದರಿ ಬಿಡೋದೇನಿಲ್ಲ, ಅಳೆಯೋದು ಮುಗಿದ ತಕ್ಷಣ ಸೋಪು ಹಾಕಿ ಕೈ ತೊಳೆಸಿ, ಬಾಯಿಗೆ ಬೆರಳು ಹಾಕೋ ಮಗು ಆದ್ರೆ ಹಿಟ್ಟು ನೀವೇ ಹಾಕಿ, ಉಪ್ಪು ನೀರು ಬಣ್ಣ ಅವರಿಗೆ ಬಿಡಿ.

ಕ್ರೀಮ್ ಆಫ್ ಟಾರ್ಟರ್ ಇಲ್ಲ, ಬಿಟ್ಟರೆ ಆಗತ್ತಾ?

ಆಗತ್ತೆ, ಆದ್ರೆ ಬೇಗ ತರಿತರಿ ಆಗತ್ತೆ, ಎಳೆದ್ರೆ ಹಿಗ್ಗಲ್ಲ, ಮುರಿಯತ್ತೆ. ಅದೊಂದು ಹುಳಿ ಪದಾರ್ಥ ಅಷ್ಟೇ, ಅದಕ್ಕೇ 4 ಟೀ ಚಮಚ ನಿಂಬೆ ರಸ ಅಥವಾ ಬಿಳಿ ವಿನೆಗರ್ ಹಾಕಿ, ಅಷ್ಟು ನೀರು ಕಮ್ಮಿ ಮಾಡಿ. ವಿನೆಗರ್ ವಾಸನೆ ಮೊದಲ ದಿನ ಮೂಗಿಗೆ ಹೊಡೆಯತ್ತೆ, ಆಮೇಲೆ ಇಳಿಯತ್ತೆ. ಅಡುಗೆ ಸೋಡಾ ಹಾಕಬಹುದಾ ಅಂತ ಕೇಳ್ತಾರೆ, ಬೇಡ, ಅದು ಹುಳಿಗೆ ತದ್ವಿರುದ್ಧ.

ಒಲೆ ಹಚ್ಚದೇ ಮಾಡಕ್ಕಾಗಲ್ವಾ?

ಎರಡು ದಾರಿ ಇದೆ. ಒಂದು, ಬರೀ ಕಲಸೋದು: ಮೈದಾ 2 ಕಪ್, ಉಪ್ಪು 1 ಕಪ್, ಎಣ್ಣೆ 1 ಟೇಬಲ್ ಚಮಚ, ನೀರು ಮುಕ್ಕಾಲು ಕಪ್ಪಿಂದ ಶುರು ಮಾಡಿ ಬೇಕಾದಷ್ಟು. ಹತ್ತು ನಿಮಿಷದಲ್ಲಿ ರೆಡಿ, ಆದ್ರೆ ಒರಟು, ಒಂದು ವಾರದ ಮೇಲೆ ಮೆತ್ತಗಾಗತ್ತೆ, ಮುಖ್ಯವಾಗಿ ಹಿಟ್ಟು ಹಸಿಯಾಗೇ ಇರತ್ತೆ. ಹಿಟ್ಟನ್ನ ಮೊದಲು ಓವನ್‌ನಲ್ಲೋ ಮೈಕ್ರೋವೇವ್‌ನಲ್ಲೋ ಬಿಸಿ ಮಾಡ್ಬಿಟ್ರೆ ಸರಿಹೋಗತ್ತೆ ಅಂತ ಕೆಲವರು ಹೇಳ್ತಾರೆ, ನಂಬಬೇಡಿ, ಒಣ ಹಿಟ್ಟಲ್ಲಿ ಕ್ರಿಮಿಗಳು ಶಾಖಕ್ಕೆ ಅಷ್ಟು ಸುಲಭವಾಗಿ ಸಾಯಲ್ಲ, ಅಮೆರಿಕದಲ್ಲಿ ಆಹಾರ, ಔಷಧಿ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಮನೇಲಿ ಹಾಗೆ ಮಾಡಬೇಡಿ ಅಂತಲೇ ಹೇಳೋದು.

ಇನ್ನೊಂದು, ಕುದಿಯೋ ನೀರು ಸುರಿಯೋದು: ಮೈದಾ 2 ಕಪ್, ಉಪ್ಪು ಅರ್ಧ ಕಪ್, ಕ್ರೀಮ್ ಆಫ್ ಟಾರ್ಟರ್ 2 ಟೇಬಲ್ ಚಮಚ, ಎಣ್ಣೆ 2 ಟೇಬಲ್ ಚಮಚ, ಇದಕ್ಕೆ ಒಂದೂವರೆ ಕಪ್ ಕುದಿಯೋ ನೀರು. ನುಣುಪು ಚೆನ್ನಾಗೇ ಬರತ್ತೆ. ಆದ್ರೆ ಮಗು ಪಕ್ಕದಲ್ಲಿ ನಿಂತಿರುವಾಗ ಕುದಿಯೋ ನೀರು ಕೈಯಲ್ಲಿ ಹಿಡ್ಕೊಂಡು ಓಡಾಡೋದು ನನಗಂತೂ ಆಗಲ್ಲ. ಒಲೆ ಎತ್ತರದಲ್ಲಿ ಒಂದೇ ಕಡೆ ಇರತ್ತೆ, ಅದೇ ವಾಸಿ.

ಅಂಟಂಟಾಗಿದೆ, ಏನು ಮಾಡ್ಲಿ?

ಮೊದಲು ಸುಮ್ಮನೆ ಆರಕ್ಕೆ ಬಿಡಿ. ಬಿಸಿ ಇರೋವಾಗ ಎಲ್ಲಾ ಅಂಟತ್ತೆ, ಅದನ್ನ ನೋಡಿ ಗಾಬರಿಯಾಗಿ ಹಿಟ್ಟು ಸುರಿದ್ರೆ ಆರಿದ ಮೇಲೆ ಕಲ್ಲು. ಆರಿದ್ಮೇಲೂ ಅಂಟಿದ್ರೆ ಬೇಯಿಸಿದ್ದು ಸಾಲದು, ವಾಪಸ್ ಬಾಣಲೆಗೆ ಹಾಕಿ ಒಂದು ನಿಮಿಷ ಮಗುಚಿ, ನೀರು ಹೋಗತ್ತೆ. ಹಿಟ್ಟು ಹಾಕೋದು ಕೊನೇ ಉಪಾಯ, ಅದೂ ಚಮಚ ಚಮಚವಾಗಿ.

ಮಳೆಗಾಲದಂಥ ತೇವದ ದಿನಗಳಲ್ಲಿ ಮೊನ್ನೆವರೆಗೂ ಚೆನ್ನಾಗಿದ್ದಿದ್ದು ಇದ್ದಕ್ಕಿದ್ದಂಗೆ ಜಿಗುಟು ಆಗತ್ತೆ. ಉಪ್ಪು ಗಾಳಿಯಲ್ಲಿರೋ ನೀರು ಎಳ್ಕೊಳ್ಳತ್ತೆ, ನಿಮ್ಮ ತಪ್ಪೇನಿಲ್ಲ.

ಪುಡಿಪುಡಿಯಾಗಿ ಬಿರುಕು ಬಿಡ್ತಿದೆ. ಮತ್ತೆ ಮರಳಿನಂಗೆ ಕೈಗೆ ಸಿಗತ್ತಲ್ಲ, ಅದೇನು?

ಬಿರುಕು ಬಿಟ್ರೆ ನೀರು ಕಮ್ಮಿ. ನೀರು ಸುರಿಯಬೇಡಿ, ಕೈ ಒದ್ದೆ ಮಾಡ್ಕೊಂಡು ನಾದಿ, ಸಾಲದಿದ್ರೆ ಮತ್ತೆ ಒದ್ದೆ ಮಾಡ್ಕೊಳಿ. ಎಣ್ಣೆ ಹಾಕಿದ್ರೆ ಮೇಲೆ ಮಾತ್ರ ಜಿಡ್ಡಾಗತ್ತೆ, ಒಳಗಿನ ಬಿರುಕು ಹಾಗೇ ಇರತ್ತೆ.

ಮರಳಿನಂಗೆ ಸಿಗೋದು ಕರಗದೇ ಉಳಿದ ಉಪ್ಪು. ಇದಕ್ಕೆ ಸಣ್ಣ ಲೆಕ್ಕ ಇದೆ, 100 ಎಂಎಲ್ ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗತ್ತೆ, ಅದಕ್ಕಿಂತ ಎಷ್ಟು ತಿರುವಿದ್ರೂ ಇಲ್ಲ. 240 ಎಂಎಲ್ ಕಪ್ ನೀರಿಗೆ ಹೆಚ್ಚೆಂದ್ರೆ 86 ಗ್ರಾಂ. ಅರ್ಧ ಕಪ್ ಪುಡಿ ಉಪ್ಪು ತೂಗಿದ್ರೆ 140 ಗ್ರಾಂ ಹತ್ರ ಬರತ್ತೆ. ಮಿಕ್ಕಿದ್ದು ಎಲ್ಲಿಗೆ ಹೋಗತ್ತೆ, ಹರಳಾಗೇ ಕೂತಿರತ್ತೆ. ಕಲ್ಲುಪ್ಪು ಹಾಕಿದ್ರಂತೂ ಕೇಳೋದೇ ಬೇಡ. ತುಂಬಾ ನುಣುಪು ಬೇಕಂದ್ರೆ ಉಪ್ಪು ಕಪ್ಪಿನ ಮೂರನೇ ಒಂದು ಭಾಗಕ್ಕೆ ಇಳಿಸಿ, ಆದ್ರೆ ಬಾಳಿಕೆಯೂ ಅಷ್ಟು ಕಮ್ಮಿ ಆಗತ್ತೆ. ನಾನು ಎರಡೂ ಮಾಡಿ ನೋಡಿ ಮೂರನೇ ಒಂದಕ್ಕೆ ನಿಂತಿದೀನಿ, ಹೇಗೂ ತಿಂಗಳುಗಟ್ಟಲೆ ಇಡೋ ಅಷ್ಟರಲ್ಲಿ ಅದು ನೆಲ ಒರೆಸಿದ ಬಣ್ಣಕ್ಕೆ ಬಂದಿರತ್ತೆ.

ಮಗು ತಿಂದ್ಬಿಟ್ರೆ?

ಕೈ ಕೆಸರಾದ್ರೆ ಬಾಯಿ ಮೊಸರು ಅನ್ನೋ ಗಾದೆ ಇಲ್ಲಿ ನಡೆಯಲ್ಲ, ಬಾಯಿ ಬರೀ ಉಪ್ಪು. ಒಂದು ಚೂರು ನೆಕ್ಕಿದ್ರೆ ಮುಖ ಹಿಂಡ್ಕೊಂಡು ತಾವೇ ಉಗಿದುಬಿಡ್ತಾರೆ, ಬಾಯಿ ಒರೆಸಿ ನೀರು ಕುಡಿಸಿ ಸಾಕು. ಆದ್ರೆ ಎಲ್ಲಾ ಅಡುಗೆ ಸಾಮಾನೇ ತಾನೇ, ಏನೂ ಆಗಲ್ಲ ಅನ್ನೋ ಮಾತಿದೆಯಲ್ಲ, ಅದು ತಪ್ಪು. ಮೇಲಿನ ಅಳತೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ಉಪ್ಪು, 30 ಗ್ರಾಂ ಉಂಡೆಯಲ್ಲಿ 8 ಗ್ರಾಂ ಹತ್ರ. ದೊಡ್ಡೋರಿಗೇ ಇಡೀ ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಚಿಕ್ಕ ಮಗು ಒಂದು ಉಂಡೆ ನುಂಗಿದ್ರೆ, ಅಥವಾ ತಿಂದ್ಮೇಲೆ ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡ್ರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮನೇಲೇ ವಾಂತಿ ಮಾಡಿಸಕ್ಕೆ ಹೋಗಬೇಡಿ.

ಇದೇ ಕಾರಣಕ್ಕೆ ನಾನು ವೆನಿಲ್ಲಾ, ಚಾಕೊಲೇಟ್ ಪರಿಮಳ ಹಾಕಲ್ಲ. ತಿನ್ನೋ ವಾಸನೆ ಹಾಕಿ ತಿನ್ನಬೇಡ ಅನ್ನೋದು ಯಾವ ನ್ಯಾಯ.

ಮನೇಲಿ ನಾಯಿ ಇದೆ, ತೊಂದ್ರೆ ಇದೆಯಾ?

ಇದೆ, ಮಗೂಗಿಂತ ಜಾಸ್ತಿ. ಮಗು ಉಗಿಯತ್ತೆ, ನಾಯಿ ಉಗಿಯಲ್ಲ, ಗಬಕ್ಕನೆ ನುಂಗತ್ತೆ. ಉಪ್ಪು ಜಾಸ್ತಿಯಾದ್ರೆ ವಾಂತಿ, ನಡುಕ, ಫಿಟ್ಸ್ ತನಕ ಹೋಗತ್ತೆ, ಪ್ರಾಣಕ್ಕೂ ಅಪಾಯ. ತಿಂದಿದ್ದು ಕಂಡ್ರೆ ಲಕ್ಷಣ ಬರಲಿ ಅಂತ ಕೂರದೇ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಆಟ ಮುಗಿದ್ಮೇಲೆ ಟೇಬಲ್ ಕೆಳಗೆ ಬಗ್ಗಿ ನೋಡೋದು ಅಭ್ಯಾಸ ಮಾಡ್ಕೊಳಿ, ಹಳೇದನ್ನ ಗಿಡದ ಬುಡಕ್ಕೂ ಹಾಕಬೇಡಿ, ಗಿಡಕ್ಕೂ ಉಪ್ಪು ಆಗಲ್ಲ.

ಬಣ್ಣ ಯಾವಾಗ ಹಾಕ್ಬೇಕು? ಕೈಗೆಲ್ಲ ಹತ್ತತ್ತೆ.

ಒಂದೇ ಬಣ್ಣ ಸಾಕಂದ್ರೆ ನೀರಿಗೇ ಹಾಕಿ, ಸಮವಾಗಿ ಬರತ್ತೆ, ಕೈಗೂ ಅಷ್ಟಾಗಿ ಹತ್ತಲ್ಲ. ನಾಕು ಬಣ್ಣ ಬೇಕಂದ್ರೆ ಬಿಳಿ ಮುದ್ದೆ ಮಾಡಿ ಭಾಗ ಮಾಡ್ಕೊಂಡು ಆಮೇಲೆ ನಾದಬೇಕು. ಆಗ ಜೆಲ್ ಕಲರ್ ವಾಸಿ, ನೀರು ಬಣ್ಣ ಜಾಸ್ತಿ ಹಾಕಿದ್ರೆ ಮುದ್ದೆ ಅಂಟಾಗತ್ತೆ. ಉಂಡೆ ಮಧ್ಯೆ ಹೆಬ್ಬೆರಳಲ್ಲಿ ಗುಳಿ ಮಾಡಿ ಬಣ್ಣ ಅದರೊಳಗೆ ಬಿಟ್ಟು ಬಾಯಿ ಮುಚ್ಚಿ ಮಗು ಕೈಗೆ ಕೊಡಿ. ಬಿಳಿ ಉಂಡೆ ಅಂತ ಒತ್ತುತಾ ಇದ್ದಂಗೆ ಬೆರಳ ಸಂದಿಯಿಂದ ನೀಲಿ ಎಳೆ ಎಳೆಯಾಗಿ ಹೊರಗೆ ಬರತ್ತೆ. ಮೊದಲ ಸಲ ನಮ್ಮವಳು "ಅಪ್ಪಾ, ಇದಕ್ಕೆ ಗಾಯ ಆಗಿದೆ" ಅಂತ ಕೈಬಿಟ್ಟಳು, ಕೆಂಪು ಹಾಕಿದ್ದೆ ನಾನು. ಅವತ್ತಿಂದ ಮೊದಲ ಬಣ್ಣ ನೀಲಿ.

ಅರಿಶಿನ, ಬೀಟ್‌ರೂಟ್ ರಸ ಎಲ್ಲಾ ನಡೆಯತ್ತೆ, ತಿಳಿ ಬಣ್ಣ ಬರತ್ತೆ. ಅರಿಶಿನದ ಮುದ್ದೆ ಮೇಲೆ ಅಡುಗೆ ಸೋಡಾ ಕರಗಿಸಿದ ನೀರು ಒಂದು ಹನಿ ಬಿಟ್ರೆ ಅಲ್ಲಿ ಕೆಂಪಾಗತ್ತೆ, ಅದೊಂದು ಜಾದೂ ತೋರಿಸಬಹುದು. ಕ್ರೀಮ್ ಆಫ್ ಟಾರ್ಟರ್, ನಿಂಬೆ ರಸ ಅಥವಾ ವಿನೆಗರ್ ಹಾಕಿ ಮಾಡಿದ ಮುದ್ದೆ ಆದ್ರೆ ಹುಳಿ ಇರೋದ್ರಿಂದ ಹನಿ ಒಂದೆರಡು ಜಾಸ್ತಿ ಬೇಕಾಗತ್ತೆ. ಗ್ಲಿಟರ್ ಮಾತ್ರ ಬೇಡ, ಕಣ್ಣಿಗೆ ಹೋಗತ್ತೆ, ಮನೆ ಬಿಟ್ಟೂ ಹೋಗಲ್ಲ.

ಗೋಧಿ ಅಲರ್ಜಿ ಇರೋ ಮಕ್ಕಳಿಗೆ?

ಮೈದಾನೂ ಗೋಧೀನೇ, ಅಂಗಡಿಯ ಪ್ಲೇ-ಡೋದಲ್ಲೂ ಗೋಧಿ ಇದೆ, ಇದು ಎಷ್ಟೋ ಜನಕ್ಕೆ ತಲೆಗೇ ಹೊಳೆದಿರಲ್ಲ. ಅಕ್ಕಿ ಹಿಟ್ಟು ಅರ್ಧ, ಕಾರ್ನ್‌ಫ್ಲೋರ್ ಅರ್ಧ ಹಾಕಿ ಅದೇ ಥರ ಬೇಯಿಸಿ, ಹಿಗ್ಗೋದು ಕಮ್ಮಿ ಇರತ್ತೆ ಆದ್ರೆ ಆಡಕ್ಕೆ ಸಾಕು. ಸೀಲಿಯಾಕ್ (ಗೋಧಿ ಹೊಟ್ಟೆಗೆ ಹೋದ್ರೆ ಕರುಳಿಗೆ ತೊಂದ್ರೆ ಆಗೋ ಕಾಯಿಲೆ) ಇರೋ ಮಕ್ಕಳಿಗೆ ಚರ್ಮದ ಮೂಲಕ ತೊಂದ್ರೆ ಆಗಲ್ಲ, ಕೈಯಿಂದ ಬಾಯಿಗೆ ಹೋಗೋದೇ ತೊಂದ್ರೆ, ಉಗುರು ಸಂದಿ ನೋಡಿ. ಬೇರೆ ಮಕ್ಕಳು ಆಡಕ್ಕೆ ಬರ್ತಾರೆ ಅಂದ್ರೆ ಅವರಮ್ಮನ್ನ ಮೊದಲೇ ಒಂದು ಮಾತು ಕೇಳಿ.

ಕೈ ಉರಿಯತ್ತೆ ಅಂತ ಅಳ್ತಾನೆ, ಯಾಕೆ?

ಉಪ್ಪು. ಉಗುರು ಪಕ್ಕ ಕಿತ್ತಿರತ್ತೆ, ಸಣ್ಣ ಗೀರು ಇರತ್ತೆ, ನಮಗೆ ಕಾಣಲ್ಲ. ತಣ್ಣೀರಲ್ಲಿ ತೊಳೆದು ಅವತ್ತಿಗೆ ಬಿಟ್ಟುಬಿಡಿ. ಎಕ್ಸಿಮಾ (ಚರ್ಮ ಒಣಗಿ ತುರಿಸೋ ತೊಂದ್ರೆ) ಇರೋ ಮಕ್ಕಳಿಗೆ ಉಪ್ಪಿಲ್ಲದ್ದು ಮಾಡಬಹುದು: ಕಾರ್ನ್‌ಫ್ಲೋರ್ ಎರಡು ಪಾಲು, ಹೇರ್ ಕಂಡೀಷನರ್ ಒಂದು ಪಾಲು, ಕಲಸಿದ್ರೆ ರೇಷ್ಮೆ ಥರ ಇರತ್ತೆ. ಪರಿಮಳ ಇಲ್ಲದ ಕಂಡೀಷನರ್ ನೋಡಿ, ಮತ್ತೆ ಬಾಯಿಗೆ ಹಾಕೋ ವಯಸ್ಸಿನೋರಿಗೆ ಇದು ಬೇಡವೇ ಬೇಡ.

ಎಷ್ಟು ದಿನ ಇಡಬಹುದು?

ಬೇಯಿಸಿದ್ದು ಏರ್‌ಟೈಟ್ ಡಬ್ಬಿಯಲ್ಲಿ ಒಂದೆರಡು ತಿಂಗಳು ಆರಾಮಾಗಿ ಇರತ್ತೆ, ಸೆಖೆ ಜಾಗದಲ್ಲಿ ಫ್ರಿಜ್ ಒಳಗಿಡಿ. ಪೂರ್ತಿ ಆರದೇ ಡಬ್ಬಿ ಮುಚ್ಚಿದ್ರೆ ಮುಚ್ಚಳದ ಒಳಗೆ ನೀರು ಬೆವರಿ ಕೆಳಗೆ ತೊಟ್ಟಿಕ್ಕತ್ತೆ, ನಮ್ಮನೇಲಿ ಬೂಷ್ಟು ಬಂದಿದ್ದು ಹಾಗೇ. ಮೇಲೆ ಬಿಳಿ ಪುಡಿ ಕಂಡ್ರೆ ಉಜ್ಜಿ ನೋಡಿ, ಒರಟಾಗಿ ಹರಳಿನಂಗೆ ಇದ್ರೆ ಅದು ನೀರು ಆರಿ ಹೊರಗೆ ಬಂದ ಉಪ್ಪು, ಒದ್ದೆ ಕೈಯಲ್ಲಿ ನಾದಿದ್ರೆ ಹೋಗತ್ತೆ. ಹತ್ತಿಯಂಗೆ ನವಿರಾಗಿದ್ರೆ, ಹಸಿರು ಕಪ್ಪು ಚುಕ್ಕೆ ಇದ್ರೆ, ಹುಳಿ ವಾಸನೆ ಬಂದ್ರೆ ಎಸೀರಿ. ಮಕ್ಕಳಿಗೆ ನೆಗಡಿ, ವಾಂತಿಭೇದಿ ಆಗಿದ್ದಾಗ ಆಡಿದ್ದನ್ನೂ ಎಸೀರಿ. ಸಿಂಕಿಗೆ ಹಾಕಬೇಡಿ, ಪೈಪ್ ಕಟ್ಟತ್ತೆ.

ಮಾಡಿದ ಬೊಂಬೆ ಒಣಗಿಸಿ ಇಡಬಹುದಾ?

ಬೇಯಿಸಿದ ಪ್ಲೇ ಡೋ ಒಣಗಿದ್ರೆ ಬಿರುಕು ಬಿಡತ್ತೆ, ಅದಕ್ಕೆ ಅದು ಮಾಡಿದ್ದೇ ಅಲ್ಲ. ಇಡಕ್ಕೆ ಬೇಕಂದ್ರೆ ಎಣ್ಣೆ ಹಾಕದೇ ಮೈದಾ 2, ಉಪ್ಪು 1, ನೀರು ಸುಮಾರು 1 ಕಪ್ ಕಲಸಿ, ತೆಳ್ಳಗೆ ಲಟ್ಟಿಸಿ ಕತ್ತರಿಸಿ, 100 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಎರಡು ಮೂರು ಗಂಟೆ ಇಡಿ. ಆಮೇಲೆ ಪೇಂಟ್ ಮಾಡಿ ವಾರ್ನಿಶ್ ಹೊಡೀದಿದ್ರೆ ತೇವಕ್ಕೆ ಮತ್ತೆ ಮೆತ್ತಗಾಗತ್ತೆ.

ಕಾರ್ಪೆಟ್‌ಗೆ, ಬಟ್ಟೆಗೆ, ಕೂದಲಿಗೆ ಹತ್ತಿದೆ!

ಒದ್ದೆ ಇರುವಾಗ ಉಜ್ಜಬೇಡಿ, ಇನ್ನೂ ಒಳಗೆ ಹೋಗತ್ತೆ. ಒಣಗಲಿ, ಮುರಿದು ತೆಗೀರಿ, ಬ್ರಷ್ ಮಾಡಿ, ಉಳಿದಿದ್ದಕ್ಕೆ ತಣ್ಣೀರು. ಬಿಸಿನೀರು ಹಾಕಿದ್ರೆ ಹಿಟ್ಟು ಗೋಂದಾಗತ್ತೆ. ಕೂದಲಿಗಾದ್ರೆ ಎಣ್ಣೆ ಅಥವಾ ಕಂಡೀಷನರ್ ಹಚ್ಚಿ ಬಾಚಣಿಗೆಯಲ್ಲಿ ನಿಧಾನಕ್ಕೆ.

ಐದೇ ನಿಮಿಷಕ್ಕೆ ಬೋರ್ ಅಂತಾಳೆ, ಏನು ಕೊಡ್ಲಿ?

ನೀವು ಬೊಂಬೆ ಮಾಡಿಕೊಡ್ತಾ ಇದೀರಾ? ಹಾಗಿದ್ರೆ ಅದೇ ಕಾರಣ. ನಾನೂ ಆನೆ ಮಾಡಿ ಕೊಟ್ಟೆ, ಸೊಂಡಿಲು ಕಿವಿ ಎಲ್ಲಾ ಇಟ್ಟು, ಆಮೇಲೆ ಅವಳು ತಾನು ಮಾಡೋದೇ ಬಿಟ್ಟು "ಇನ್ನೊಂದು ಮಾಡು, ಇನ್ನೊಂದು ಮಾಡು" ಅಂತ ಕೂತಳು, ನನ್ನ ಪಕ್ಕ ಅವಳದ್ದು ಏನೂ ಅಲ್ಲ ಅನ್ಸಿರಬೇಕು. ಈಗ ನಾನು ಬರೀ ಚಪ್ಪಟೆ ಮಾಡ್ತೀನಿ, ತೂತು ಮಾಡ್ತೀನಿ, ಅವಳು ಮಾಡಿದ್ದನ್ನೇ ನೋಡಿ ಮಾಡ್ತೀನಿ. ಎರಡು ವರ್ಷದೋರು ಚುಚ್ತಾರೆ, ಚಿವುಟ್ತಾರೆ, ಸಾಕು. ಮೂರರ ಹತ್ರ ಹಾವು ಹೊಸೀತಾರೆ, ಆಗ ಮೊಂಡು ಕತ್ತರಿ ಕೊಟ್ರೆ ಹಾವು ತುಂಡು ಮಾಡೋದೇ ಒಂದು ಗಂಟೆ ಕೆಲಸ, ಪೇಪರ್ ಕತ್ತರಿಸೋದಕ್ಕಿಂತ ಇದು ಸುಲಭ, ಬಗ್ಗಲ್ಲ ನೋಡಿ. ಲಟ್ಟಣಿಗೆ, ಹಳೇ ಬಾಚಣಿಗೆ, ಬಾಟಲಿ ಮುಚ್ಚಳ, ಬೆಳ್ಳುಳ್ಳಿ ಜಜ್ಜೋ ಪ್ರೆಸ್, ಇಷ್ಟರಲ್ಲಿ ದಿನಕ್ಕೆ ಎರಡೇ ಇಡಿ, ಎಲ್ಲಾ ಒಟ್ಟಿಗೆ ಬೇಡ.

ಬಣ್ಣ ಎಲ್ಲಾ ಕಲಸಿ ಒಂದೇ ಮಾಡಿಬಿಡ್ತಾನೆ, ನೋಡಕ್ಕಾಗಲ್ಲ!

ನೋಡಬೇಡಿ. ನಾನು ಮೊದಮೊದಲು ನೀಲಿ ಬೇರೆ ಹಳದಿ ಬೇರೆ ಅಂತ ಹಿಂದೆ ಹಿಂದೆ ಓಡಾಡ್ತಿದ್ದೆ, ಅವಳಿಗೆ ಸಿಟ್ಟು ನನಗೂ ಸಿಟ್ಟು. ಎರಡೆರಡು ಬಣ್ಣ ಸೇರೋದನ್ನ ನೋಡೋ ಆಸೆ ಇದ್ರೆ ಒಂದು ಸಲಕ್ಕೆ ಹಳದಿ ನೀಲಿ ಮಾತ್ರ ಕೊಡಿ, ಹಸಿರಾಗತ್ತೆ, ಎಲ್ಲಾ ಕೊಟ್ರೆ ಕಂದೇ ಆಗೋದು. ನಮ್ಮನೆ ಡಬ್ಬಿಯಲ್ಲಿ ಈಗಿರೋದು ಹೆಸರಿಲ್ಲದ ಒಂದು ಬಣ್ಣ, ಅದನ್ನ ಅವಳು ಮಣ್ಣು ಅಂತ ಕರೀತಾಳೆ, ಮೊನ್ನೆ ಅದರಲ್ಲಿ ಹಳ್ಳ ತೋಡಿ ಒಂದು ಮುಚ್ಚಳ ಹೂತಿಟ್ಟು, ನಾನು ಹುಡುಕೋ ಹಾಗೆ ನಟಿಸಬೇಕಿತ್ತು. ನಿಜವಾಗ್ಲೂ ಸಿಗಲಿಲ್ಲ.